ಪ್ರಿಂಟ್‌ನಲ್ಲಿ ಕಾಣೆಯಾದ ಮುಖ

ಪ್ರಶ್ನೆ: ಹಾರರ್ ಕಿರುಚಿತ್ರಕ್ಕೆ ಪೋಸ್ಟರ್ ಮಾಡಿದ್ದೇನೆ. ಕಪ್ಪು ಹಿನ್ನೆಲೆ, ಕಡುಗೆಂಪು ಶೀರ್ಷಿಕೆ, ಕೆಳಗಿನಿಂದ ಬೆಳಕು ಬಿದ್ದ ಅರ್ಧ ಮುಖ. ಸ್ಕ್ರೀನ್‌ನಲ್ಲಿ ಚೆನ್ನಾಗಿತ್ತು, ಪ್ರಿಂಟ್‌ನಲ್ಲಿ ಮುಖವೂ ಕಾಣುತ್ತಿಲ್ಲ, ಶೀರ್ಷಿಕೆಯೂ ಓದಲಾಗುತ್ತಿಲ್ಲ. ಇದನ್ನೇ ಪತ್ರಿಕೆಯ ಮುಖಪುಟಕ್ಕೂ ಬಳಸಬಹುದೇ?

ಉತ್ತರ: ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಮೇಲಾಗಿ ಶಾಯಿ ಕಾಗದದಲ್ಲಿ ಹರಡಿ ನೆರಳನ್ನು ಇನ್ನೂ ದಟ್ಟವಾಗಿಸುತ್ತದೆ. ಫೋಟೋ ತಿದ್ದುವ ಸಾಫ್ಟ್‌ವೇರ್‌ನ ಕರ್ವ್ಸ್‌ನಲ್ಲಿ (ಬೆಳಕು-ನೆರಳು ಹೊಂದಿಸುವ ಸಾಧನ) ನೆರಳಿನ ಭಾಗವನ್ನು ಮಾತ್ರ ಸ್ವಲ್ಪ ಬೆಳಗಿಸಿ, ಕಣ್ಣಿನ ಅಂಚು ಮತ್ತು ಕೆನ್ನೆಯ ಗೆರೆ ಉಳಿಯುವಂತೆ ನೋಡಿಕೊಳ್ಳಿ. ಹಿನ್ನೆಲೆಗೆ ಬರೀ ಕಪ್ಪು ಶಾಯಿ ಬಳಸಿದರೆ ಬೂದುಬಣ್ಣ ಇಣುಕುತ್ತದೆ. ಮುದ್ರಣದ ನಾಲ್ಕೂ ಶಾಯಿ ಸೇರಿಸಿ, ಸಯಾನ್ (ತಿಳಿನೀಲಿ) 60, ಮೆಜೆಂಟಾ (ನೇರಳೆಗೆಂಪು) 40, ಹಳದಿ 40, ಕಪ್ಪು 100 ಕೊಡಿ; ಒಟ್ಟು 240 ಶೇಕಡಾ ಆಯಿತು. ಆರ್ಡರ್ ಕೊಡುವ ಮೊದಲು ಒಟ್ಟು ಶಾಯಿಗೆ ಮುದ್ರಕರ ಮಿತಿ ಎಷ್ಟೆಂದು ಕೇಳಿ.

ಕಡುಗೆಂಪು ಮತ್ತು ಕಪ್ಪು ಎರಡೂ ಗಾಢವೇ. ಪೋಸ್ಟರನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ: ಅಕ್ಷರ ಮಾಯವಾದರೆ ಶೀರ್ಷಿಕೆಯನ್ನು ಮಾಸಲು ಬಿಳಿಗೆ ಬದಲಿಸಿ, ಕೆಂಪನ್ನು ಒಂದೇ ಕಡೆ ಉಳಿಸಿ. ಒಂದೇ ಕಡೆಯಿದ್ದರೇ ಅದಕ್ಕೆ ಬೆಲೆ. ಗೀರು ಬಿದ್ದಂತಹ ಟೆಕ್ಸ್ಚರ್ ಹಾಕುವುದಾದರೆ ಅಕ್ಷರದ ಮೈಮೇಲಷ್ಟೇ ಹಾಕಿ. ಕನ್ನಡದಲ್ಲಿ ತಲೆಕಟ್ಟು, ಒತ್ತಕ್ಷರ ಹರಿದರೆ ಪದವೇ ಕೆಡುತ್ತದೆ. ಕೆಳಗಿನ ತಂತ್ರಜ್ಞರ ಪಟ್ಟಿಗೆ ತೆಳು ಗೆರೆಯ ಫಾಂಟ್ ಬೇಡ. ಮುದ್ರಿಸುವಾಗ ನಾಲ್ಕು ಬಣ್ಣ ಒಂದರ ಮೇಲೊಂದು ಕೂರದೆ ಕೂದಲೆಳೆಯಷ್ಟು ಸರಿದರೂ ಸಣ್ಣ ಬಿಳಿ ಅಕ್ಷರ ಮುಚ್ಚಿಹೋಗುತ್ತದೆ.

ಮುಖಪುಟಕ್ಕೆ ಇದೇ ಫೈಲ್ ಸಾಲದು. ಪೋಸ್ಟರ್‌ನಲ್ಲಿ ಮುಖ ಮರೆಯಾಗಿದ್ದರೆ ಕುತೂಹಲ. ಮುಖಪುಟದಲ್ಲಿ ಕಣ್ಣು ಓದುಗರನ್ನೇ ನೋಡಬೇಕು. ಮೇಲೆ ಪತ್ರಿಕೆಯ ಹೆಸರಿಗೆ, ಬದಿಯಲ್ಲಿ ಲೇಖನಗಳ ಸಾಲುಗಳಿಗೆ, ಮೂಲೆಯಲ್ಲಿ ಬಾರ್‌ಕೋಡಿನ ಬಿಳಿ ಚೌಕಕ್ಕೆ ಜಾಗ ಬಿಟ್ಟೇ ಫೋಟೋ ತೆಗೆಯಿರಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಇರಲಿ.