ಮಾವನವರು ಮತ್ತು ಕೆಂಜಿಗ

ಪ್ರಶ್ನೆ: ನಮ್ಮ ಮಾವನವರು ಬ್ಯಾಂಕಿನಿಂದ ನಿವೃತ್ತರಾದವರು. ಬೆಳಿಗ್ಗೆ ಚಹಾ ಹಿಡಿದು ಹಿತ್ತಿಲ ಮಾವಿನ ಮರದ ಕೆಂಜಿಗ ಇರುವೆಗಳ ಎದುರು ಕುರ್ಚಿ ಹಾಕಿ ಕೂತರೆ ಹತ್ತು ಗಂಟೆಯವರೆಗೆ ಏಳುವುದಿಲ್ಲ. ಕೇಳಿದರೆ, “ಮನುಷ್ಯರು ಅರ್ಥವಾಗಬೇಕಾದರೆ ಇದನ್ನು ನೋಡಬೇಕು” ಎನ್ನುತ್ತಾರೆ. ಇರುವೆ ನೋಡಿ ಸಮಾಜ ಅರ್ಥವಾಗುತ್ತದೆಯೇ?
– ಓದುಗಿ, ಬ್ರಹ್ಮಾವರ

ಉತ್ತರ: ಕೂರಲಿ ಬಿಡಿ ಅಮ್ಮ. ಕುರ್ಚಿ ಮಾತ್ರ ಮರದಿಂದ ಎರಡು ಮಾರು ದೂರ ಇರಲಿ, ಕೆಂಜಿಗ ಕಚ್ಚಿದ ಮೇಲೆ ತತ್ವಜ್ಞಾನ ಉಳಿಯುವುದಿಲ್ಲ.

ಅವರು “ಇರುವೆಗಳ ಒಗ್ಗಟ್ಟು ನೋಡಿ ಕಲಿಯಿರಿ” ಎಂದು ಮೊಮ್ಮಕ್ಕಳಿಗೆ ಭಾಷಣ ಬಿಗಿಯುತ್ತಿದ್ದರೆ ನನ್ನ ತಕರಾರಿದೆ. ಪಕ್ಕದ ಮರದ ಬೇರೆ ಗೂಡಿನ ಕೆಂಜಿಗವೊಂದು ಈ ಮರಕ್ಕೆ ಬಂದರೆ ಕೈಕಾಲು ಹಿಡಿದೆಳೆದು ಸಿಗಿದುಹಾಕುತ್ತವೆ. ಒಗ್ಗಟ್ಟು ಎಂದರೆ ಅಷ್ಟೇ, ತಮ್ಮವರೊಳಗೆ.

ಗೂಡು ಕಟ್ಟುವುದನ್ನು ನೀವೂ ಒಮ್ಮೆ ನೋಡಿ. ಸಾಲಾಗಿ ನಿಂತು ಒಂದು ಎಲೆಯ ಅಂಚನ್ನು ಕಚ್ಚಿ ಇನ್ನೊಂದರ ಕಡೆಗೆ ಎಳೆಯುತ್ತವೆ. ಎಟುಕದಿದ್ದರೆ ಒಂದರ ಸೊಂಟ ಇನ್ನೊಂದು ಹಿಡಿದು ಸರಪಳಿಯಾಗುತ್ತವೆ. ಎಲೆ ಕೂಡಿದ ಮೇಲೆ ಕೆಲವು ಒಳಗಿಂದ ಮರಿಹುಳಗಳನ್ನು ಬಾಯಲ್ಲಿ ಕಚ್ಚಿ ತರುತ್ತವೆ. ದೊಡ್ಡ ಇರುವೆಗೆ ನೂಲು ಬರುವುದಿಲ್ಲ, ನೂಲು ಇರುವುದು ಮರಿಯಲ್ಲಿ. ಮರಿಯ ಮೂತಿಯನ್ನು ಈ ಎಲೆಗೆ ತಾಗಿಸಿ, ಆ ಎಲೆಗೆ ತಾಗಿಸಿ ಹೊಲಿಯುತ್ತವೆ. ಬೇರೆ ಎಷ್ಟೋ ಜಾತಿಯ ಇರುವೆಮರಿಗಳು ಆ ನೂಲಿನಿಂದ ತಮ್ಮ ಮೈಗೆ ಗೂಡು ಸುತ್ತಿಕೊಳ್ಳುತ್ತವೆ. ಕೆಂಜಿಗದ ಮರಿಗೆ ಅದೂ ಇಲ್ಲ, ಎಲ್ಲ ಮನೆಗೇ ಖರ್ಚು.

ಕೆಳಗೆ ನಿಂತವರಿಗೆ ಕಾಣುವುದು ಎಲೆ ಎಳೆಯುವವರ ಗದ್ದಲ ಮಾತ್ರ.

ಇದನ್ನು ಕಂಡ ಮೇಲೆ ಮಲ್ಪೆಯ ಮೀನುಗಾರಿಕಾ ಬಂದರಿನ ಧಕ್ಕೆಯಲ್ಲಿ ನನ್ನ ಕಣ್ಣು ಬೇರೆ ಕಡೆ ಹೋಗತೊಡಗಿತು. ಮೊದಲು ಬೋಟು, ಅದನ್ನು ನಡೆಸುವ ತಾಂಡೇಲ, ಬಂಗುಡೆಯ ರೇಟು ಇಷ್ಟೇ ನೋಡುತ್ತಿದ್ದೆ. ಈಗ ಬೆಳಗಿನ ಜಾವ ಕುಕ್ಕುರುಗಾಲಲ್ಲಿ ಕೂತು ಮೀನು ಬೇರ್ಪಡಿಸುವ ಹೆಂಗಸರನ್ನೂ ನೋಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಪೇಪರಿನಲ್ಲಿ ದಡಕ್ಕೆ ಕಟ್ಟಿದ ಬೋಟುಗಳ ಫೋಟೋ ಬರುತ್ತದೆ. ಈ ಹೆಂಗಸರ ಒಲೆ ಆ ಎರಡು ತಿಂಗಳು ಹೇಗೆ ಉರಿಯುತ್ತದೆ? ಕೇಳಿದೆ. ಬೇಸಿಗೆಯಲ್ಲೇ ಒಣಗಿಸಿಟ್ಟ ಮೀನು ಮಾರುತ್ತೇವೆ ಎಂದಳು ಒಬ್ಬಾಕೆ. ಉಳಿದವರು ನಕ್ಕು ಸುಮ್ಮನಾದರು.

ಉತ್ತರ ಇರುವೆ ಕೊಡುವುದಿಲ್ಲ ಅಮ್ಮ. ಪ್ರಶ್ನೆ ಹುಟ್ಟಿಸುತ್ತದೆ, ಕೇಳಲು ಮನುಷ್ಯರ ಹತ್ತಿರವೇ ಹೋಗಬೇಕು. ಮಾವನವರು ಅಲ್ಲಿಯವರೆಗೆ ಹೋಗುತ್ತಾರೋ, ಕುರ್ಚಿಯಲ್ಲೇ ನಿಲ್ಲುತ್ತಾರೋ ನೀವೇ ನೋಡಿ. ಅವರಿಗೊಂದು ನೋಟ್‌ಪುಸ್ತಕ ಕೊಡಿಸಿ, ಕಂಡದ್ದನ್ನು ಬರೆದಿಡಲಿ. ಮತ್ತೆ, ಅವರ ಚಹಾದ ಲೋಟ ಒಳಗೆ ತರುವವರು ಯಾರು? ಅದನ್ನೂ ಬರೆಯಲು ಹೇಳಿ.