ಏಟು ಬಿದ್ದ ಕಣ್ಣಿಗೆ ಪೊರೆ: ಮಗು ದೊಡ್ಡದಾಗೋ ತನಕ ಕಾಯಬಹುದಾ?

ಚಿನ್ನಿದಾಂಡು ಆಡುವಾಗ ಚಿನ್ನಿ ಬಡಿದು, ಮೂರು ವಾರಕ್ಕೆ ನಿಮ್ಮ 5 ವರ್ಷದ ಮಗನ ಪಾಪೆ ಬೆಳ್ಳಗಾಗಿದೆ, ಇಷ್ಟು ಚಿಕ್ಕವರಿಗೂ ಪೊರೆ ಬರುತ್ತಾ, ಆಪರೇಷನ್ನಿಗೆ ಸ್ವಲ್ಪ ದೊಡ್ಡವನಾಗಲಿ ಅಂತ ಕಾಯಬಹುದಾ ಅಂತ ಕೇಳಿದ್ದೀರಿ. ಬರುತ್ತೆ. ಕಾಯಬೇಡಿ. ನಾನು ಡಾಕ್ಟರಲ್ಲ, ಮಗಳ ಕಣ್ಣು ಹಿಡಿದುಕೊಂಡು ಆರು ವರ್ಷ ಆಸ್ಪತ್ರೆಗೆ ಅಲೆದ ತಾಯಿ.

ನಮ್ಮದು ಪೊರಕೆಕಡ್ಡಿಯ ಬಾಣ. ಬಿಟ್ಟವನು ಅವಳ ಅಣ್ಣನೇ. ಅವಳಿಗಾಗ ನಾಲ್ಕೂವರೆ. ರಕ್ತ ಬರಲಿಲ್ಲ, ಕಣ್ಣು ಕೆಂಪಾಗಿತ್ತು ಅಷ್ಟೆ. ಪಕ್ಕದ ಮನೆ ಬಾಣಂತಿಯ ಎದೆಹಾಲು ಹಾಕಿಸು ಅಂದರು ಅತ್ತೆ. ಅದೊಂದು ಮಾಡಲಿಲ್ಲ, ಆದರೆ ನೀರೆರಚಿ ತೊಳೆದೆ, ಮೆಡಿಕಲ್ಲಿನಿಂದ ಡ್ರಾಪ್ಸ್ ತಂದು ಬಿಟ್ಟೆ. ಅವೆರಡೂ ತಪ್ಪೇ. ಚುಚ್ಚಿದ ಕಣ್ಣನ್ನು ಉಜ್ಜದೆ, ತೊಳೆಯದೆ, ಒತ್ತಡ ಬೀಳದ ಹಾಗೆ ಮೇಲೊಂದು ಕಾಗದದ ಲೋಟ ಮುಚ್ಚಿಕೊಂಡು ಆಸ್ಪತ್ರೆಗೆ ಓಡಬೇಕಿತ್ತು. ಮೂರನೇ ದಿನ ಪಾಪೆಯಲ್ಲಿ ಹಾಲಿನ ಹನಿ ಕೂತ ಹಾಗೆ ಕಂಡಿತು. ಕಡ್ಡಿ ಕಣ್ಣೊಳಗಿನ ಮಸೂರದ (ಲೆನ್ಸಿನ) ಚೀಲ ಹರಿದಿತ್ತು, ಒಳಗೆ ನೀರು ಸೇರಿ ಅದು ಬೆಳ್ಳಗಾಗಿತ್ತು. ಚೀಲ ಹರಿಯದೆ ಬರೀ ಏಟು ಬಿದ್ದರೂ ವಾರ, ತಿಂಗಳು, ಕೆಲವರಿಗೆ ವರ್ಷಗಳ ಮೇಲೆ ಪೊರೆ ಬರುತ್ತಂತೆ.

ಅಜ್ಜ ಅಜ್ಜಿಯರ ಪೊರೆ ಆರು ತಿಂಗಳು ತಡೆಯುತ್ತೆ, ಮಗುವಿನದು ತಡೆಯಲ್ಲ. ಸುಮಾರು 7-8 ವರ್ಷದ ತನಕ ಮಿದುಳು ನೋಡೋದನ್ನು ಕಲಿಯುತ್ತಾ ಇರುತ್ತೆ. ಒಂದು ಕಣ್ಣಿಂದ ಸರಿಯಾದ ಚಿತ್ರ ಬರದಿದ್ದರೆ ಆ ಕಣ್ಣನ್ನೇ ಕೈಬಿಟ್ಟುಬಿಡುತ್ತೆ. ಸೋಮಾರಿ ಕಣ್ಣು ಅನ್ನೋದು ಇದನ್ನೇ. ಆಮೇಲೆ ಎಷ್ಟು ಒಳ್ಳೆ ಲೆನ್ಸ್ ಹಾಕಿದರೂ ಪೂರ್ತಿ ದೃಷ್ಟಿ ಬರೋದು ಕಷ್ಟ.

ಬೆಳ್ಳಗಾದ ಮಸೂರ ತೆಗೆದು ಕೃತಕ ಲೆನ್ಸ್ ಹಾಕೋ ಆಪರೇಷನ್ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡೋದು. ನಮಗೆ ಒಂದೂವರೆ ಗಂಟೆಯಲ್ಲಿ ಮುಗೀತು. ನಿಜವಾದ ಕಷ್ಟ ಶುರುವಾಗಿದ್ದು ಆಮೇಲೆ. ಚೆನ್ನಾಗಿರೋ ಕಣ್ಣಿಗೆ ದಿನಾ ಇಷ್ಟು ಗಂಟೆ ಅಂತ ಪ್ಯಾಚ್ ಅಂಟಿಸಿ, ಏಟು ಬಿದ್ದ ಕಣ್ಣಿಂದಲೇ ನೋಡಿಸಬೇಕು. ಮೊದಲ ವಾರ ಅವಳು ಕಿತ್ತ ಪ್ಯಾಚುಗಳೆಲ್ಲ ಒಂದು ಭಾನುವಾರ ಕಸ ಗುಡಿಸುವಾಗ ಮಂಚದ ಅಡಿಹಲಗೆಗೆ ಸಾಲಾಗಿ ಅಂಟಿಕೊಂಡಿದ್ದು ಸಿಕ್ಕವು! ಬೈದರೆ ಕೇಳಲಿಲ್ಲ, ಟಿವಿಯೂ ನಡೀಲಿಲ್ಲ. ಕೊನೆಗೆ ಕೈ ಹಿಡಿದದ್ದು ಅವರೆಕಾಯಿ. ಸೀಸನ್ನಿನಲ್ಲಿ ಪ್ಯಾಚ್ ಹಾಕಿಕೊಂಡು ಕಾಯಿ ಸುಲಿಯೋಳು, ಹುಳ ಇದ್ದ ಕಾಳು ಹುಡುಕಿ ಕೊಟ್ಟರೆ ಒಂದಕ್ಕೆ ಒಂದು ರೂಪಾಯಿ. ಮೊದಲು ಹುಳ ಹರಿದಾಡಿದರೂ ಕಾಣುತ್ತಿರಲಿಲ್ಲ. ಸಂಕ್ರಾಂತಿ ಹೊತ್ತಿಗೆ ನನ್ನ ಹತ್ತಿರ ನಲವತ್ತು ರೂಪಾಯಿ ವಸೂಲಿ ಮಾಡಿದ್ದಳು.

ಹಾಕಿದ ಲೆನ್ಸ್ ಹತ್ತಿರಕ್ಕೂ ದೂರಕ್ಕೂ ತಾನಾಗಿ ಹೊಂದಿಕೊಳ್ಳಲ್ಲ, ಕಣ್ಣೂ ಬೆಳೀತಾ ಇರುತ್ತೆ. ಹಾಗಾಗಿ ಕನ್ನಡಕ ಬೇಕೇ ಬೇಕು, ನಂಬರೂ ಬದಲಾಗುತ್ತೆ. ಗಾಜು ಬೇಡ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಕಿಸಿ; ಒಳ್ಳೆ ಕಣ್ಣಿಗೂ ಅದೇ ಕಾವಲು.

ಸೋಮವಾರ ಡಾಕ್ಟರ್ ಹತ್ತಿರ ಹೋಗ್ತೀವಿ ಅಂದಿದ್ದೀರಲ್ಲ, ರೆಟಿನಾಗೆ (ಕಣ್ಣಿನ ಹಿಂದಿನ ಪರದೆಗೆ) ಪೆಟ್ಟಾಗಿದೆಯಾ, ಕಣ್ಣಿನ ಒತ್ತಡ ಎಷ್ಟಿದೆ ಅಂತ ತಪ್ಪದೆ ಕೇಳಿ. ಏಟು ಬಿದ್ದ ಕಣ್ಣಿಗೆ ಎಷ್ಟೋ ವರ್ಷದ ಮೇಲೂ ಗ್ಲಾಕೋಮಾ, ಅಂದರೆ ಒತ್ತಡ ಹೆಚ್ಚಿ ಕಣ್ಣಿನ ನರ ಹಾಳಾಗೋ ಕಾಯಿಲೆ, ಬರಬಹುದು. ಅದಕ್ಕೇ ಮಗಳನ್ನು ಈಗಲೂ ಆರು ತಿಂಗಳಿಗೊಮ್ಮೆ ತೋರಿಸ್ತೀವಿ. ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನ ಕೊನೆ ಎರಡು ಸಾಲು ಆ ಕಣ್ಣಿಗೆ ಇನ್ನೂ ಸಿಕ್ಕಿಲ್ಲ.