ಇಂಗ್ಲಿಷಿನಲ್ಲಿ ಯಾವ ಪದಕ್ಕೆ ಯಾವ ಪ್ರಿಪೊಸಿಷನ್ ಎಂದು ತಿಳಿಯುವುದು ಹೇಗೆ?

ನೀವು ಮಡಿಕೇರಿ ಹತ್ತಿರದ ಎಸ್ಟೇಟ್ ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತೀರಿ, ಓದಿದ್ದು ಕನ್ನಡ ಮೀಡಿಯಂ, ಹೊರಗಿನ ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವಾಗ ‘ಇನ್’ ಹಾಕಬೇಕೋ ‘ಆನ್’ ಹಾಕಬೇಕೋ, ‘ಟು’ ಬೇಕೋ ಬೇಡವೋ ಎಂದು ಕೈ ತಡೆಯುತ್ತದೆ. ಪ್ರಿಪೊಸಿಷನ್ ಪಟ್ಟಿ ಬಾಯಿಪಾಠ ಮಾಡಿದರೂ ನಿಲ್ಲುತ್ತಿಲ್ಲ, ಇದಕ್ಕೊಂದು ಸೂತ್ರ ಇದೆಯೇ ಎಂದು ಕೇಳಿದ್ದೀರಿ.

ಗೋಣಿಕೊಪ್ಪದಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಎಲ್ಲಕ್ಕೂ ಒಗ್ಗುವ ಸೂತ್ರ ಇಲ್ಲ. ಆದರೆ ಎಲ್ಲಿ ನೋಡಬೇಕು ಎಂಬುದನ್ನು ಬದಲಾಯಿಸಿಕೊಂಡರೆ ಬಹುಪಾಲು ತೊಂದರೆ ಕಳೆಯುತ್ತದೆ. ಇಂಗ್ಲಿಷ್ ವಾಕ್ಯ ಕಟ್ಟುವಾಗ ನಾವು ಮನಸ್ಸಿನಲ್ಲಿರುವ ಕನ್ನಡದ ವಿಭಕ್ತಿ ಪ್ರತ್ಯಯವನ್ನು ಹಿಡಿದುಕೊಂಡು ಅದಕ್ಕೊಂದು ಜೋಡಿ ಹುಡುಕುತ್ತೇವೆ. ‘ಗೆ’ ಬಂದರೆ ‘ಟು’, ‘ಇಂದ’ ಬಂದರೆ ‘ಫ್ರಮ್’ ಅಥವಾ ‘ಸಿನ್ಸ್’, ‘ಅಲ್ಲಿ’ ಬಂದರೆ ‘ಇನ್’, ‘ಮೇಲೆ’ ಬಂದರೆ ‘ಆನ್’, ‘ಗಿಂತ’ ಬಂದರೆ ‘ದ್ಯಾನ್’. ತಪ್ಪುವುದು ಇಲ್ಲೇ. ಯಾವ ಪ್ರಿಪೊಸಿಷನ್ ಬರಬೇಕು ಎಂದು ತೀರ್ಮಾನಿಸುವುದು ಅದರ ಹಿಂದೆ ಕುಳಿತಿರುವ ಇಂಗ್ಲಿಷ್ ಪದ. ಆ ಪದ ಕ್ರಿಯಾಪದವೋ, ನಾಮಪದವೋ, ವಿಶೇಷಣವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇದು ಇಂಗ್ಲಿಷಿನ ವಿಚಿತ್ರವೇನೂ ಅಲ್ಲ. ನಾವು ಆನೆಗೆ ಹೆದರುತ್ತೇವೆ, ಆನೆಯನ್ನು ಓಡಿಸುತ್ತೇವೆ, ಆನೆಯಿಂದ ತಪ್ಪಿಸಿಕೊಳ್ಳುತ್ತೇವೆ, ಆನೆಯ ಮೇಲೆ ಸಿಟ್ಟಾಗುತ್ತೇವೆ. ‘ಹೆದರು’ ಎಂಬ ಕ್ರಿಯಾಪದ ಚತುರ್ಥಿ ಕೇಳುತ್ತದೆ, ‘ಓಡಿಸು’ ದ್ವಿತೀಯಾ ಕೇಳುತ್ತದೆ. ಯಾರೂ ನಮಗೆ ಪಟ್ಟಿ ಕೊಟ್ಟು ಕಲಿಸಲಿಲ್ಲ, ಪದದ ಜೊತೆಗೇ ಅದೂ ಬಂತು. ನನ್ನ ತರಗತಿಯಲ್ಲಿ ಮನೆಯಲ್ಲಿ ಕೊಡವ ತಕ್ಕ್ ಆಡುವವರಿದ್ದಾರೆ, ಅರೆಭಾಷೆಯವರಿದ್ದಾರೆ, ಮಲಯಾಳ, ತುಳು ಆಡುವವರೂ ಇದ್ದಾರೆ. ಎಲ್ಲವೂ ದ್ರಾವಿಡ ನುಡಿಗಳು, ಎಲ್ಲದರಲ್ಲೂ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟುತ್ತದೆ. ಅದಕ್ಕೇ ಮನೆಮಾತು ಯಾವುದಾದರೂ ತಪ್ಪುಗಳು ಹೆಚ್ಚುಕಮ್ಮಿ ಒಂದೇ ಥರ.

‘ಇಂದ’ ಮಾಡುವ ತೊಂದರೆ ನೋಡಿ. ‘ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎನ್ನುವುದನ್ನು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುತ್ತಾರೆ. ಶುರುವಾದ ಹೊತ್ತನ್ನು ಹೇಳುವಾಗ ಮಾತ್ರ ‘ಸಿನ್ಸ್’: ಸಿನ್ಸ್ 2018, ಸಿನ್ಸ್ ಮಂಡೇ, ಸಿನ್ಸ್ ಪುತ್ತರಿ. ಎಷ್ಟು ಕಾಲ ಎಂದು ಹೇಳುವಾಗ ‘ಫಾರ್’: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’. ಕನ್ನಡದಲ್ಲಿ ‘2018ರಿಂದ’ ಮತ್ತು ‘ಹತ್ತು ವರ್ಷದಿಂದ’ ಎರಡಕ್ಕೂ ಒಂದೇ ಪ್ರತ್ಯಯ ಸಾಕಾಗುವುದರಿಂದ ನಮಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ಇನ್ನು ಮುಖ್ಯವಾದ ಸಂಗತಿಗೆ ಬರುತ್ತೇನೆ. ಮಕ್ಕಳಿಗೆ ನಾನು ಕೊಡುವ ಅಭ್ಯಾಸ ಒಂದು ಪತ್ರ: ತೋಟಕ್ಕೆ ಆನೆ ನುಗ್ಗಿದೆ, ಅರಣ್ಯ ಇಲಾಖೆಗೆ ಇಂಗ್ಲಿಷಿನಲ್ಲಿ ಬರೆಯಿರಿ. ಕೊಡಗಿನ ಮಕ್ಕಳಿಗೆ ವಿಷಯ ಹುಡುಕಬೇಕಾಗಿಲ್ಲ, ಹೇಳುವುದು ಬೇಕಾದಷ್ಟಿರುತ್ತದೆ. ಮೊದಲ ಸಾಲಿನಲ್ಲೇ ‘ಎಲಿಫೆಂಟ್ಸ್ ಎಂಟರ್ಡ್ ಇಂಟು ಅವರ್ ಎಸ್ಟೇಟ್’ ಎಂದು ಬರುತ್ತದೆ. ‘ಎಂಟರ್’ ಎಂಬ ಕ್ರಿಯಾಪದದ ಅರ್ಥದೊಳಗೇ ‘ಒಳಕ್ಕೆ’ ಸೇರಿಕೊಂಡಿದೆ, ಜಾಗದ ಮಾತಾದರೆ ಅದಕ್ಕೆ ಪ್ರಿಪೊಸಿಷನ್ ಬೇಡ: ‘ಎಲಿಫೆಂಟ್ಸ್ ಎಂಟರ್ಡ್ ಅವರ್ ಎಸ್ಟೇಟ್’. ‘ಕೇಮ್’ ಎಂದು ಬರೆದರೆ ಆಗ ‘ಇಂಟು’ ಬೇಕು: ‘ಕೇಮ್ ಇಂಟು ಅವರ್ ಎಸ್ಟೇಟ್’. ಒಪ್ಪಂದ ಮಾಡಿಕೊಳ್ಳುವುದಕ್ಕೆ ಮಾತ್ರ ‘ಎಂಟರ್ ಇಂಟು ಆನ್ ಅಗ್ರಿಮೆಂಟ್’.

ಮುಂದಿನ ಸಾಲು, ಹಾನಿ. ‘ದೇ ಡ್ಯಾಮೇಜ್ಡ್ ದಿ ಕಾಫಿ ಪ್ಲಾಂಟ್ಸ್’. ಇಲ್ಲಿ ಡ್ಯಾಮೇಜ್ ಕ್ರಿಯಾಪದ, ನಡುವೆ ಏನೂ ಇಲ್ಲ. ಅದೇ ಪದ ನಾಮಪದವಾದ ಕೂಡಲೇ ‘ಟು’ ಬರುತ್ತದೆ: ‘ದಿ ಡ್ಯಾಮೇಜ್ ಟು ದಿ ಕಾಫಿ ಪ್ಲಾಂಟ್ಸ್’. ಹೆದರಿಕೆಯೂ ಹಾಗೆಯೇ. ಕ್ರಿಯಾಪದವಾದರೆ ‘ದಿ ವರ್ಕರ್ಸ್ ಫಿಯರ್ ಎಲಿಫೆಂಟ್ಸ್’, ವಿಶೇಷಣವಾದರೆ ‘ಅಫ್ರೇಡ್ ಆಫ್ ಎಲಿಫೆಂಟ್ಸ್’, ನಾಮಪದವಾದರೆ ‘ಫಿಯರ್ ಆಫ್ ಎಲಿಫೆಂಟ್ಸ್’. ಪರಿಹಾರ ಕೇಳುವಾಗ ‘ವಿ ರಿಕ್ವೆಸ್ಟ್ ಕಾಂಪೆನ್ಸೇಷನ್’ ಸರಿ, ‘ವಿ ರಿಕ್ವೆಸ್ಟ್ ಫಾರ್ ಕಾಂಪೆನ್ಸೇಷನ್’ ತಪ್ಪು. ‘ಅವರ್ ರಿಕ್ವೆಸ್ಟ್ ಫಾರ್ ಕಾಂಪೆನ್ಸೇಷನ್’ ಮತ್ತೆ ಸರಿ, ಏಕೆಂದರೆ ಅಲ್ಲಿ ರಿಕ್ವೆಸ್ಟ್ ನಾಮಪದ. ಕೊನೆಗೆ ಕಂದಕ, ಸೋಲಾರ್ ಬೇಲಿ ಕೇಳುವ ಸಾಲು: ‘ಟು ಪ್ರಿವೆಂಟ್ ಎಲಿಫೆಂಟ್ಸ್ ಫ್ರಮ್ ಎಂಟರಿಂಗ್ ದಿ ಎಸ್ಟೇಟ್’. ಪ್ರಿಪೊಸಿಷನ್ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಸೇರಿಸಬೇಕು. ಇದೊಂದು ಮಾತ್ರ ನೀವು ಕೇಳಿದಂಥ ಸೂತ್ರ, ಗಟ್ಟಿಯಾಗಿ ನಂಬಬಹುದು.

ಈ ಜೋಡಿಗಳನ್ನು ಒಮ್ಮೆ ಕಂಡುಕೊಂಡರೆ ಇಂಗ್ಲಿಷಿನ ಉದ್ದಕ್ಕೂ ಕಾಣಿಸುತ್ತವೆ. ‘ಡಿಸ್ಕಸ್ ದಿ ಪ್ಲಾನ್’, ಆದರೆ ‘ಡಿಸ್ಕಷನ್ ಅಬೌಟ್ ದಿ ಪ್ಲಾನ್’. ‘ಆರ್ಡರ್ ಕಾಫಿ’, ಆದರೆ ‘ಆನ್ ಆರ್ಡರ್ ಫಾರ್ ಕಾಫಿ’. ‘ವಿಸಿಟ್ ಕೂರ್ಗ್’, ಆದರೆ ‘ಎ ವಿಸಿಟ್ ಟು ಕೂರ್ಗ್’. ‘ಡಿಸ್ಕಸ್ ಅಬೌಟ್’ ಎನ್ನುವುದು ನಮ್ಮ ದೇಶದಲ್ಲೆಲ್ಲ ಕೇಳಿಬರುತ್ತದೆ, ಮಾತಿನಲ್ಲಿ ಬಂದುಬಿಟ್ಟರೆ ಚಿಂತೆ ಬೇಡ, ಕೇಳಿದವರಿಗೆ ಅರ್ಥವಾಗುತ್ತದೆ. ಬರವಣಿಗೆಯಲ್ಲಿ, ಪರೀಕ್ಷೆಯಲ್ಲಿ ಬಿಡಲೇಬೇಕು.

ನೀವು ಮಾದರಿಗೆಂದು ಕಳಿಸಿದ ಮೇಲ್‌ನ ಮೂರು ವಾಕ್ಯಗಳನ್ನೂ ನೋಡಿದೆ. ‘ರೀಚ್ ಟು ಅವರ್ ಹೋಂಸ್ಟೇ’ ಎಂದಿದ್ದೀರಿ. ‘ಹೋಂಸ್ಟೇಗೆ ತಲುಪಿ’ ಎಂಬಲ್ಲಿಯ ‘ಗೆ’ ಆ ‘ಟು’ ತಂದಿದೆ. ‘ರೀಚ್ ಅವರ್ ಹೋಂಸ್ಟೇ’ ಸಾಕು. ‘ವಿ ವಿಲ್ ರಿಪ್ಲೈ ಯು’ ಎಂಬಲ್ಲಿ ಉಲ್ಟಾ ಆಗಿದೆ, ಬೇಕಾದ ‘ಟು’ ಬಿಟ್ಟುಹೋಗಿದೆ: ‘ರಿಪ್ಲೈ ಟು ಯು’. ‘ಎಕ್ಸ್‌ಪ್ಲೇನ್’ ಪದಕ್ಕೂ ಹೀಗೆಯೇ, ‘ಎಕ್ಸ್‌ಪ್ಲೇನ್ ಟು ಮಿ’. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂಬುದರಲ್ಲಿ ‘ಟು’ ಪ್ರಿಪೊಸಿಷನ್, ಮೇಲೆ ಹೇಳಿದಂತೆ ‘ಮೀಟಿಂಗ್ ಯು’ ಆಗಬೇಕು.

ವಿಶೇಷಣಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ಅವು ಪದಕ್ಕೆ ಅಂಟಿಕೊಂಡೇ ಬರುತ್ತವೆ: ‘ಗುಡ್ ಅಟ್ ಹಾಕಿ’, ‘ಇಂಟರೆಸ್ಟೆಡ್ ಇನ್ ಟ್ರೆಕಿಂಗ್’, ‘ಫೇಮಸ್ ಫಾರ್ ಕಾಫಿ’, ‘ಆಂಗ್ರಿ ವಿತ್ ಮಿ’. ಮದುವೆಗೆ ನಾವು ‘ಜೊತೆ’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ‘ಮ್ಯಾರೀಡ್ ಟು’. ‘ಸೀನಿಯರ್’, ‘ಜೂನಿಯರ್’, ‘ಸುಪೀರಿಯರ್’ ಲ್ಯಾಟಿನ್ನಿನಿಂದ ಬಂದವು, ಇವಕ್ಕೆ ‘ದ್ಯಾನ್’ ಬರುವುದಿಲ್ಲ, ‘ಸೀನಿಯರ್ ಟು ಮಿ’ ಎನ್ನಬೇಕು. ‘ಡಿಫರೆಂಟ್’ಗೆ ‘ಫ್ರಮ್’ ಹಾಕಿ ನೆಮ್ಮದಿಯಾಗಿರಿ. ಬ್ರಿಟಿಷರಲ್ಲಿ ‘ಟು’, ಅಮೆರಿಕನ್ನರಲ್ಲಿ ‘ದ್ಯಾನ್’ ಎನ್ನುವವರೂ ಇದ್ದಾರೆ, ಅದರ ಬಗ್ಗೆ ತಲೆಬಿಸಿ ಬೇಡ.

ಜಾಗದ ಪ್ರಿಪೊಸಿಷನ್ ನಿಮಗೆ ದಿನವೂ ಬೇಕು. ಊರು, ಜಿಲ್ಲೆಗೆ ‘ಇನ್’: ಇನ್ ಮಡಿಕೇರಿ, ಇನ್ ಕೊಡಗು. ಗುರುತಿಸುವ ಒಂದು ತಾಣಕ್ಕೆ ‘ಅಟ್’: ಅಟ್ ರಾಜಾಸೀಟ್, ಅಟ್ ದಿ ಬಸ್ ಸ್ಟ್ಯಾಂಡ್. ರಸ್ತೆಯ ಬದಿಯಲ್ಲಿದ್ದರೆ ‘ಆನ್’: ಆನ್ ದಿ ವಿರಾಜಪೇಟೆ ರೋಡ್. ಬಸ್ಸಿಗೆ ‘ಆನ್ ದಿ ಬಸ್’, ಮಾಂದಲ್‌ಪಟ್ಟಿಗೆ ಹತ್ತಿಸುವ ಜೀಪಿಗೆ ‘ಇನ್ ದಿ ಜೀಪ್’. ಒಳಗೆ ಎದ್ದು ಓಡಾಡುವಷ್ಟು ದೊಡ್ಡ ವಾಹನಕ್ಕೆ ‘ಆನ್’, ಕೂತೇ ಇರಬೇಕಾದದ್ದಕ್ಕೆ ‘ಇನ್’ ಎಂದು ಇಟ್ಟುಕೊಳ್ಳಿ. ತಲಕಾವೇರಿ ಬಗ್ಗೆ ಬರೆಯುವಾಗ ‘ದಿ ಕಾವೇರಿ ರೈಸಸ್ ಅಟ್ ತಲಕಾವೇರಿ’. ಭಾಗಮಂಡಲದಲ್ಲಿ ಕನ್ನಿಕೆ ಕಾವೇರಿಗೆ ಸೇರುತ್ತದೆ, ಇಂಗ್ಲಿಷಿನಲ್ಲಿ ‘ದಿ ಕನ್ನಿಕೆ ಜಾಯಿನ್ಸ್ ದಿ ಕಾವೇರಿ’, ‘ಟು’ ಇಲ್ಲ. ಸಮುದ್ರಕ್ಕಾದರೆ ‘ಫ್ಲೋಸ್ ಇಂಟು ದಿ ಬೇ ಆಫ್ ಬೆಂಗಾಲ್’. ಎಸ್ಟೇಟಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಾವೆಲ್ಲ ‘ಇನ್ ದಿ ಎಸ್ಟೇಟ್’ ಎನ್ನುತ್ತೇವೆ, ಆದರೆ ಕೆಲಸ, ವಾಸ, ತಂಗುವ ಮಾತಾದರೆ ಇಂಗ್ಲಿಷಿನ ರೂಢಿ ‘ಆನ್’: ‘ಸ್ಟೇ ಆನ್ ಎ ಕಾಫಿ ಎಸ್ಟೇಟ್’. ‘ಆನ್ ಎ ಫಾರ್ಮ್’ ಕೂಡ ಹಾಗೆಯೇ. ನಿಮ್ಮ ಜಾಹೀರಾತಿನಲ್ಲಿ ಇದನ್ನೇ ಹಾಕಿ, ಚೆನ್ನಾಗಿ ಕಾಣುತ್ತದೆ.

ಬಾಯಿಪಾಠದ ಪಟ್ಟಿ ಬಿಟ್ಟು ನಿಘಂಟು ಹಿಡಿಯಿರಿ, ಅದೂ ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ್ದು. ಇಂಗ್ಲಿಷ್–ಕನ್ನಡ ನಿಘಂಟು ಅರ್ಥ ಕೊಡುತ್ತದೆ, ಆದರೆ ಪದ ಯಾವ ಪ್ರಿಪೊಸಿಷನ್ ಕೇಳುತ್ತದೆ ಎಂಬುದು ಅದರಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಈಗ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಎಂದು ಕರೆಯುವ ನಿಘಂಟನ್ನು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಜೊತೆಗಾರರು ಸಿದ್ಧಪಡಿಸಿದರು. ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೋದಲ್ಲಿ. ಜಪಾನಿ ಭಾಷೆಯಲ್ಲೂ ನಮ್ಮಂತೆ ಇಂಥ ಪದಗಳು ನಾಮಪದದ ನಂತರವೇ ಬರುತ್ತವೆ, ಹಾಗಾಗಿ ಅಲ್ಲಿಯ ಕಲಿಕೆಗಾರರ ಕಷ್ಟ ನಮ್ಮದಕ್ಕೆ ಹತ್ತಿರದ್ದು. ಇಂಟರ್ನೆಟ್ಟಿನಲ್ಲಿ ಈ ನಿಘಂಟು ಪುಕ್ಕಟೆ ಸಿಗುತ್ತದೆ. ಪದ ಹುಡುಕಿದಾಗ ಅರ್ಥಕ್ಕಿಂತ ಮೊದಲು ಉದಾಹರಣೆ ವಾಕ್ಯಗಳಿಗೆ ಹೋಗಿ, ದಪ್ಪ ಅಕ್ಷರದಲ್ಲಿ ಪ್ರಿಪೊಸಿಷನ್ ಇದೆಯೇ ನೋಡಿ.

ಬರೆದುಕೊಳ್ಳುವಾಗ ಬಿಡಿ ಪದ ಬರೆಯಬೇಡಿ, ನೀವು ನಾಳೆ ಮೇಲ್‌ನಲ್ಲಿ ಬಳಸುವಂಥ ಇಡೀ ವಾಕ್ಯ ಬರೆಯಿರಿ. ನಿಮ್ಮ ಕೆಲಸದಲ್ಲಿ ಬರುವ ಪದಗಳು ಕಡಿಮೆಯೇ. ತಡವಾದದ್ದಕ್ಕೆ ‘ವಿ ಅಪಾಲಜೈಸ್ ಫಾರ್ ದಿ ಡಿಲೇ’, ಬರುವ ಹೊತ್ತು ಕೇಳಲು ‘ಪ್ಲೀಸ್ ಇನ್‌ಫಾರ್ಮ್ ಅಸ್ ಆಫ್ ಯುವರ್ ಅರೈವಲ್ ಟೈಮ್’, ಹಣದ ವಿಷಯಕ್ಕೆ ‘ಪೇ ದಿ ಅಡ್ವಾನ್ಸ್’, ‘ಪೇ ಫಾರ್ ದಿ ರೂಮ್’, ‘ವಿ ಡು ನಾಟ್ ಚಾರ್ಜ್ ಫಾರ್ ಪಾರ್ಕಿಂಗ್’. ಈ ವಾರ ಇವುಗಳಿಂದ ಶುರು ಮಾಡಿ. ನಿಮ್ಮ ಇನ್ನಷ್ಟು ಮೇಲ್ ಸಾಲುಗಳನ್ನು ಇದರ ಕೆಳಗೆ ಹಾಕಿದರೆ ಒಂದೊಂದಾಗಿ ನೋಡಿ ತಿದ್ದಿಕೊಡುತ್ತೇನೆ.